ಮೂಲೆ ಹರಿದ ಕಾರ್ಡು

ಕೂಡ್ಲಿಗಿ
28-4-1999, ಬುಧವಾರ

ಪ್ರೀತಿಯ ಅವ್ವಾ,

ಇವತ್ತು ಬೆಳಿಗ್ಗೆ ನಮ್ಮ ಟಪಾಲು ಡಬ್ಬಿಯಲ್ಲಿದ್ದ ಕರೆಂಟು ಬಿಲ್ಲಿಗೆ ಒಂದು ಮೂಲೆ ಇರಲಿಲ್ಲ. ಕೈಯಲ್ಲಿ ಹರಿದದ್ದಲ್ಲ, ಕತ್ತರಿಯಲ್ಲಿ ಕತ್ತರಿಸಿದ್ದೂ ಅಲ್ಲ. ಅಂಚಿನುದ್ದಕ್ಕೂ ಸಣ್ಣ ಸಣ್ಣ ಹಲ್ಲಿನ ಗುರುತು. ಅದನ್ನು ಹೇಳಲೆಂದೇ ಈ ಕಾಗದ ಬರೆಯಲು ಕೂತಿದ್ದೇನೆ, ಆದರೆ ಮೊದಲು ನಿನ್ನ ಆರೋಗ್ಯ. ಮೊಣಕಾಲು ಹೇಗಿದೆ? ತವರಿನಲ್ಲೂ ನಸುಕಿಗೇ ಎದ್ದು ಮಾವನ ಮನೆಯವರೆಲ್ಲರ ಜೊತೆ ಮಲ್ಲಿಗೆ ಕಟ್ಟಲು ಕೂರುತ್ತೀಯಂತೆ. ಹೂವಿನ ಬುಟ್ಟಿ ಹೇರಿಕೊಂಡು ಬರುವ ಹಡಗಲಿ ಬಸ್ಸಿನ ಕಂಡಕ್ಟರ್ ಅಪ್ಪನ ಅಂಗಡಿಯ ಮುಂದೆ ನಿಂತು ಹೇಳಿದ. ಬರೀ ನೆಲದ ಮೇಲೆ ಕೂರಬೇಡ, ಮಣೆ ಹಾಕಿಕೋ. ಹಿಮ್ಮಡಿ ಬಿರಿದಿದ್ದರೆ ಹರಳೆಣ್ಣೆ ಹಚ್ಚು. ಈ ಕಾಗದವನ್ನು ಒಬ್ಬಳೇ ಇದ್ದಾಗ ಓದು.

ನಾವು ಮೂರೂ ಜನ ಆರಾಮಾಗಿದ್ದೇವೆ ಎಂದು ಬರೆಯಬಹುದು. ಯುಗಾದಿಯ ಮೂರನೇ ದಿನ ನೀನು ಚೀಲ ಹಿಡಿದು ಹೋದಾಗಿನಿಂದ ಯಾರಿಗೂ ಜ್ವರ ಬಂದಿಲ್ಲ. ಆದರೆ ಮನೆಯಲ್ಲಿ ಮಾತು ಬಹಳ ಕಡಿಮೆಯಾಗಿದೆ. ಅಪ್ಪ ರೇಡಿಯೋ ಪಕ್ಕಕ್ಕಿಟ್ಟುಕೊಂಡು ಉಣ್ಣುತ್ತಾನೆ, ನಾಗಕ್ಕತ್ತೆ ತಮ್ಮನ ಎದುರು ಕೂರದೆ ಅಡಿಗೆಮನೆಯ ಬಾಗಿಲಿಗೆ ಒರಗಿ ಉಣ್ಣುತ್ತಾಳೆ. ಇಬ್ಬರದೂ ಆದ ಮೇಲೆ ನಾನು. ಮೊನ್ನೆ ನನಗೆ ಅರಿವಿಲ್ಲದೆ ನಾಲ್ಕು ತಾಟು ತೊಳೆದಿಟ್ಟಿದ್ದೆ. ಅತ್ತೆ ನೋಡಿದಳು, ಒಂದನ್ನು ಎತ್ತಿ ಗೂಡಿನಲ್ಲಿಟ್ಟಳು. ನೀನಿದ್ದಾಗ ಈ ಮನೆಯಲ್ಲಿ ಏಕಾಂತ ಸಿಗಲಿ, ಓದಲು ಬಿಡಲಿ ಎಂದು ಎಷ್ಟು ಸಲ ಗೊಣಗಿದ್ದೆನೋ. ಈಗ ಪುಸ್ತಕ ತೆರೆದರೆ ಪುಟ ಮಗುಚುವ ಸದ್ದು ನನಗೇ ಕೇಳುತ್ತದೆ.

ಅಪ್ಪನ ವ್ಯಾಪಾರ ಮಾತ್ರ ಜೋರು. ಒಂದು ಓಟಿಗೆ ದೆಹಲಿಯ ಸರ್ಕಾರ ಬಿದ್ದದ್ದು ನಿನಗೂ ಗೊತ್ತಿರಬೇಕು. ಬೀಳಿಸಿದವರು ತಾವು ಕಟ್ಟುತ್ತೇವೆ ಎಂದರು, ಎಣಿಸಿ ನೋಡಿದರೆ ಅವರ ಹತ್ತಿರವೂ ಮಂದಿ ಸಾಲದು. ಒಂದು ವಾರ ದೇಶವೆಲ್ಲ ಹಾಗೇ ನಿಂತಿತ್ತು. ಮೊನ್ನೆ ಸೋಮವಾರ ಲೋಕಸಭೆಯನ್ನೇ ವಿಸರ್ಜಿಸಿದರಂತೆ, ಮತ್ತೆ ಚುನಾವಣೆ ಆಗುವವರೆಗೆ ಹಂಗಾಮಿ ಸರ್ಕಾರ. ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಪೇಪರಿನ ಕಟ್ಟು ಬಿಚ್ಚುವಷ್ಟರಲ್ಲಿ ಹತ್ತು ಜನ ನಿಂತಿರುತ್ತಾರೆ. ಕೊಳ್ಳುವವರು ನಾಲ್ಕು, ಬಗ್ಗಿ ಓದುವವರು ಆರು. ಅವರಲ್ಲಿ ಒಬ್ಬ ಅಪ್ಪನನ್ನು ಕೆಣಕಿದ್ದನ್ನು ನಾನೇ ಕೇಳಿದೆ. ಮಧ್ಯಾಹ್ನ ಅಪ್ಪ ಊಟಕ್ಕೆ ಹೋಗುವ ಹೊತ್ತಿಗೆ ಅಂಗಡಿಯಲ್ಲಿ ಕೂರಲು ಹೋಗಿದ್ದೆ. "ಬೊಮ್ಮಣ್ಣಾ, ನಿನ್ನ ಮನ್ಯಾಗೂ ಹಂಗಾಮಿ ಸರ್ಕಾರ ಅಂತಲ್ಲೋ" ಎಂದ. ಅಪ್ಪ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಪೇಪರು ಮಡಚುತ್ತಾ, "ಆಕಿ ಒಂದು ಕಾರ್ಡು ಹಾಕ್ಲಿ, ಮರುದಿನ ಮೊದಲ್ನೇ ಬಸ್ಸಿಗೆ ಹೋಗಿ ಕರ್ಕೊಂಡ್ ಬರ್ತೀನಿ. ಹಾಕ್ಲೇಬೇಕಲ್ಲ" ಎಂದ. ಇದನ್ನು ಅವನು ಒಬ್ಬರಿಗಲ್ಲ, ಇಡೀ ಬಸ್ ಸ್ಟ್ಯಾಂಡಿಗೆ ಹೇಳಿದ್ದಾನೆ. ನೀನು ಹೋಗುವಾಗ ಹೊಸಿಲಲ್ಲಿ ನಿಂತು, ಅವರಾಗೇ ಬಂದು ಕರೆದರೆ ಬರ್ತೀನಿ ಅಂದಿದ್ದೆ. ಅವನಿಗೆ ನಿನ್ನ ಕಾರ್ಡು ಬೇಕು, ನಿನಗೆ ಅವನ ಹೆಜ್ಜೆ ಬೇಕು. ನಾನು ನಡುವೆ ದಿನಾ ಎರಡು ಸಲ ಡಬ್ಬಿ ತೆರೆದು ನೋಡುತ್ತಿದ್ದೆ.

ಆ ಡಬ್ಬಿಯ ಕತೆ ನಿನಗೆ ಗೊತ್ತೇ ಇದೆ. ಶೇಂಗಾ ಎಣ್ಣೆಯ ಟಿನ್ನು ಕೊಯ್ದು ಅಪ್ಪ ಮಾಡಿದ್ದು, ಅಂಗಡಿ ಬೋರ್ಡಿಗೆ ಬಳಿದು ಉಳಿದ ಕೆಂಪು ಬಣ್ಣ ಹಚ್ಚಿ ಬೇವಿನ ಮರಕ್ಕೆ ಹೊಡೆದದ್ದು. ಓಣಿಗೆ ಅದೊಂದೇ ಡಬ್ಬಿ ಎಂದು ಪೋಸ್ಟಿನವನು ಎಲ್ಲರ ಕಾಗದವನ್ನೂ ಅದಕ್ಕೇ ತುರುಕಿ ಹೋಗುತ್ತಾನೆ. ಮದುವೆ ಕಾರ್ಡಿನ ಅರಿಸಿನ ಎಲ್ಲಕ್ಕೂ ಮೆತ್ತಿರುತ್ತದೆ. ಒಮ್ಮೆ ಹಲ್ಲಿಮೊಟ್ಟೆ, ಒಮ್ಮೆ ಯಾರೋ ಬಚ್ಚಿಟ್ಟ ಬೀಡಿ ಕಟ್ಟು. ಹಿಂದಿನ ಮನೆಯ ಜಂಬಮ್ಮಜ್ಜಿ ಈಗಲೂ ಮಗಳಿಗೆ ಬರೆಸಿದ ಕಾರ್ಡನ್ನು ಅದರೊಳಗೇ ಹಾಕುತ್ತಾಳೆ. ಇದು ನಮ್ಮ ಮನೆಯದಜ್ಜಿ, ಪೋಸ್ಟಾಫೀಸಿನದಲ್ಲ ಎಂದರೆ, "ಕೆಂಪಗೈತಿ ಅಂದಮ್ಯಾಲ ಸರ್ಕಾರದ್ದೇ ತಗಿ, ನನಗ ಹೇಳಾಕ ಬರ್ತಾಳ" ಎನ್ನುತ್ತಾಳೆ. ನಾನು ಅದನ್ನು ತೆಗೆದುಕೊಂಡು ಹೋಗಿ ನಿಜವಾದ ಡಬ್ಬಿಗೆ ಹಾಕಿ ಬರುತ್ತೇನೆ. ಹೀಗೆ ಓಣಿಯ ಎಲ್ಲರ ಸುದ್ದಿಯೂ ನನ್ನ ಕೈ ಮೇಲೆ ಹಾದುಹೋಗುತ್ತದೆ. ಬಿ.ಎ. ಮುಗಿಸಿದವಳು ಎಂದು ಕೆಲವರದನ್ನು ಓದಿಯೂ ಹೇಳುತ್ತೇನೆ. ನನ್ನ ಹೆಸರಿಗೆ ಬಂದದ್ದು ಈ ಆರು ವಾರದಲ್ಲಿ ಒಂದೂ ಇಲ್ಲ.

ಬಿಲ್ಲಿನ ಮೂಲೆ ಹೋದದ್ದು ನೋಡಿ ಇವತ್ತು ಹಿಂದಿನ ಮುಚ್ಚಳ ಪೂರ್ತಿ ಬಿಚ್ಚಿದೆ. ತಳದ ಒಂದು ಮೂಲೆಯಲ್ಲಿ ಅಳಿಲು ಗೂಡು ಕಟ್ಟಿದೆ ಅವ್ವಾ. ತೆಂಗಿನ ನಾರು, ಹತ್ತಿ, ಅಪ್ಪನ ಅಂಗಡಿಯ ಪೇಪರಿನ ಚೂರು. ನಡುವೆ ಉಗುರಿನಗಲದ ಒಂದು ತುಣುಕು, ದಪ್ಪ ರಟ್ಟು, ಹಳದಿ ಬಣ್ಣದ್ದು. ಪೋಸ್ಟ್ ಕಾರ್ಡಿನ ಮೂಲೆ. ಅದರ ಮೇಲೆ ಹಸಿರು ಶಾಯಿಯ ಅರ್ಧ ಅಕ್ಷರ. ನಮಗೆ ಹಸಿರು ಶಾಯಿಯಲ್ಲಿ ಬರೆಯುವವರು ಯಾರಿದ್ದಾರೆ? ಹೂವಿನ ಬುಟ್ಟಿಗೆ ಚೀಟಿ ಬರೆಯಲು ಮಾವ ಇಟ್ಟುಕೊಂಡಿರುವ ಪೆನ್ನು ಅದು. ಮಾವ ಬರೆದರೆ ಅಕ್ಷರ ಸಣ್ಣಗೆ, ಓಡಿಹೋಗುವ ಹಾಗೆ. ಇದು ದೊಡ್ಡಕ್ಷರ, ಒತ್ತಿ ಒತ್ತಿ ಬರೆದದ್ದು. ನಿನ್ನದು.

ಮೂಲೆ ಸಿಕ್ಕಿತು, ಉಳಿದ ಕಾರ್ಡೆಲ್ಲಿ? ಆಗ ನನಗೆ ಕಳೆದ ಗುರುವಾರದ ಬೆಳಗು ಹೊಳೆಯಿತು. ಅವತ್ತು ಅತ್ತೆ ಅಂಗಳ ಗುಡಿಸಲು ಹೋದವಳು ತಿರುಗಿ ಬಂದು, ಒಮ್ಮೆ ಆಗಿದ್ದ ಸ್ನಾನವನ್ನು ತಲೆಯ ಮೇಲಿಂದ ಇನ್ನೊಮ್ಮೆ ಮಾಡಿದ್ದಳು. ಮಧ್ಯಾಹ್ನ ಉಜ್ಜಿನಿಯಿಂದ ಅವಳ ಮಗ ಪಾಲಾಕ್ಷನ ದೊಡ್ಡಪ್ಪಂದಿರು ಬರುವವರಿದ್ದರು, ಅವನಿಗೆ ನನ್ನನ್ನು ಕೇಳುವ ಮಾತು, ಅದಕ್ಕೇ ಮಡಿ ಇರಬೇಕು ಅಂದುಕೊಂಡಿದ್ದೆ. ನಿನಗೆ ಗೊತ್ತಲ್ಲ, ನಮ್ಮಲ್ಲಿ ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಹರಿದು ಕಳಿಸುತ್ತಾರೆ. ಅದು ಹೊಸಿಲು ದಾಟಬಾರದು, ಹೊರಗೇ ಓದಿಸಿ ಹರಿದುಹಾಕಿ ತಲೆಗೆ ನೀರು ಹಾಕಿಕೊಳ್ಳಬೇಕು. ಅಜ್ಜಿ ಹೋದಾಗ ನೀನು ಅಂಥ ಕಾರ್ಡು ಹಿಡಿದು ಮಳೆಯಲ್ಲೇ ಅಂಗಳದಲ್ಲಿ ನಿಂತದ್ದು ನನಗಿನ್ನೂ ನೆನಪಿದೆ.

ಅತ್ತೆ ನೀರೊಲೆಯ ಮುಂದೆ ಕೂತಿದ್ದಳು. ತುಣುಕು ಅಂಗೈಯಲ್ಲಿಟ್ಟು ತೋರಿಸಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಮೂಲಿ ಹರದಿತ್ತಲೇ ದುರ್ಗಿ. ಅವತ್ತ ಮಂದಿ ಬರೋರಿದ್ರು, ನಾನೇನ್ ಮಾಡ್ಲಿ?" ಎಂದಳು. ಆಮೇಲೆ ನನಗೆ ತಿಳಿಸಿ ಹೇಳುವವಳ ಹಾಗೆ, "ಓದಿದ್ರ ಸೂತಕ. ಓದ್ಲಿಲ್ಲಂದ್ರ ಅದು ಬರೇ ಕಾಗದ" ಎಂದಳು.

ಡಬ್ಬಿಯ ಬಾಯಲ್ಲಿ ಇಣುಕುತ್ತಿದ್ದ ಕಾರ್ಡನ್ನು ಕಡ್ಡಿಯಲ್ಲಿ ಹಿಡಿದು ತಂದು ಹಿತ್ತಲ ಕಡೆಯಿಂದ ನೀರೊಲೆಗೆ ಹಾಕಿದ್ದಳಂತೆ. ಸಿಟ್ಟು ಬಂತು, ಇಲ್ಲ ಎನ್ನುವುದಿಲ್ಲ. ಆದರೆ ಮುಂದಿನ ಮಾತು ಕೇಳಿ ಅದು ಇಳಿಯಿತು. ಆರು ದಿನದಿಂದ ಅವಳು ಸತ್ತವರು ಯಾರೆಂದು ಗೊತ್ತಿಲ್ಲದೆ ಒಬ್ಬಳೇ ಸಾವನ್ನು ಹೊತ್ತುಕೊಂಡು ತಿರುಗಿದ್ದಾಳೆ. ಕೊಟ್ಟೂರಿನಿಂದ ಯಾರೇ ಬಂದರೂ, ಪಾಲಾಕ್ಷ ಟೆಂಪೋ ಓಡಿಸ್ತಿದ್ದಾನಾ, ಕಣ್ಣಾರೆ ಕಂಡ್ರಾ ಎಂದು ಕೇಳುತ್ತಿದ್ದಳು. ಬಾಗಳಿಯ ತಂಗಿ ಇದ್ದಾಳಾ, ಹರಪನಹಳ್ಳಿಯ ಭಾವ ಇದ್ದಾನಾ ಎಂದು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಅತ್ತೆಗೆ ಈಗ ಬಳಗದ ನೆನಪು ಜಾಸ್ತಿಯಾಗಿದೆ ಅಂದುಕೊಂಡು ನಾನು ನಗುತ್ತಿದ್ದೆನಲ್ಲ ಅವ್ವಾ. ಅತ್ತೆ, ಅದನ್ನು ಕಡಿದದ್ದು ಅಳಿಲು, ಯಾರೂ ಸತ್ತಿಲ್ಲ ಎಂದೆ. "ಯಾರೂ ಹೋಗಿಲ್ಲೇನು?" ಎಂದು ಸೆರಗು ಬಾಯಿಗೊತ್ತಿ ಅತ್ತಳು. ಸಮಾಧಾನದ ಅಳು. ಆಮೇಲೆ ತುಣುಕನ್ನು ಮತ್ತೆ ನೋಡಿದಳು. "ಹಂಗಾರ ಯಾರ್ದು? ಕನಕಮ್ಮಂದಾ?" ಎಂದಳು. ಹೌದು, ಅವ್ವಂದೇ ಎಂದೆ. ಅವಳ ಮುಖ ಆಗ ಹೇಗಾಯಿತೆಂದು ಬರೆಯಲಾರೆ. "ನಿಮ್ಮಪ್ಪಗ ಹೇಳಬ್ಯಾಡಲೇ" ಎಂದಳು, ಅಷ್ಟೇ.

ಅವಳು ಬೇಕೆಂದು ಮಾಡಿದಳು ಎಂದು ನಿನಗೆ ಅನ್ನಿಸೀತು. ತನ್ನ ಮಗನಿಗೆ ನನ್ನನ್ನು ತರಬೇಕೆಂದು ನಿನ್ನ ಕಾಗದ ಸುಟ್ಟಳು ಎಂದು. ಇಲ್ಲ. ಅವಳಿಗೆ ಓದು ಬರುವುದಿಲ್ಲ, ಹಸಿರೂ ಕಪ್ಪೂ ಅವಳಿಗೆ ಒಂದೇ. ನನ್ನನ್ನು ನಂಬು.

ಅವತ್ತಿನ ಮಾತುಕತೆ ಏನಾಯಿತೆಂದೂ ನಿನಗೆ ಗೊತ್ತಾಗಬೇಕು. ಉಜ್ಜಿನಿಯವರು ಚಾಪೆಯ ಮೇಲೆ ಕೂತರು, ನಾನು ಚಹಾ ಕೊಟ್ಟು ಬಾಗಿಲ ಹಿಂದೆ ನಿಂತೆ. ಎಲೆ ಅಡಿಕೆಯ ತಟ್ಟೆ ನಡುವೆ ಇತ್ತು. ಹಿರಿಯವರು ಅದನ್ನು ಮುಟ್ಟಲಿಲ್ಲ. "ತಾಯಿ ಇಲ್ದ ಎಲಿ ಅಡಿಕಿ ಹೆಂಗ ಹಿಡಿಯೋದು ಬೊಮ್ಮಪ್ಪಾ? ಆಕಿ ತವರಿನೋರೂ ಸೋದರಮಾವನ ಹಕ್ಕು ಅಂತ ಕುಂತಾರ" ಎಂದರು. ಅಪ್ಪ, ಅಕ್ಕನ ಮಗನಿಗೂ ಅಷ್ಟೇ ಹಕ್ಕಿದೆ ಎಂದ. ಅತ್ತೆಯ ಮಗ ಪಾಲಾಕ್ಷನ ಕಡೆಗೊಂದು ಹಕ್ಕು, ಮಾವನ ಮಗ ರಾಮಾಂಜನೇಯನ ಕಡೆಗೊಂದು ಹಕ್ಕು. ಇಬ್ಬರಲ್ಲಿ ಕಿರಿಯ ದೊಡ್ಡಪ್ಪ ನಕ್ಕು, "ಡೆಲ್ಲಿದ್ದೂ ಇದ ಕತಿ ನೋಡ್ರಿ. ಇವರಿಗೊಂದು ಕಮ್ಮಿ ಬೀಳತೈತಿ, ಅವರಿಗೂ ಮುಟ್ಟವಲ್ದು" ಎಂದ. ಎಲ್ಲರೂ ನಕ್ಕರು. ಕಮ್ಮಿ ಬಿದ್ದ ಆ ಒಂದು ಓಟು ಬಾಗಿಲ ಹಿಂದೆ ಚಹಾದ ತಟ್ಟೆ ಹಿಡಿದು ನಿಂತಿತ್ತು. ಯಾರೂ ತಿರುಗಿ ನೋಡಲಿಲ್ಲ. ನನಗೂ ಬಾಯಿ ಬರಲಿಲ್ಲ, ಅದು ಅವರ ತಪ್ಪಲ್ಲ.

ಪಾಲಾಕ್ಷ ಒಳ್ಳೆಯವನು. ಚಿಕ್ಕಂದಿನಲ್ಲಿ ನನ್ನ ಸ್ಲೇಟು ಒಡೆದು ತಾನೇ ಅತ್ತವನು. ರಾಮಾಂಜನೇಯನೂ ಒಳ್ಳೆಯವನೇ. ನಾನು ಬಂದರೆ ಮೊದಲು ಬಿಡಿಸಿದ ಮೊಗ್ಗನ್ನು ನನಗೆಂದು ತೆಗೆದಿಡುತ್ತಾನೆ. ಇಬ್ಬರಿಗೂ ನಾನು ರಾಖಿ ಕಟ್ಟಿಲ್ಲ ಎನ್ನುವುದನ್ನು ಬಿಟ್ಟರೆ ಅಣ್ಣಂದಿರ ಹಾಗೇ ಇದ್ದಾರೆ. ನೀನೂ ಅಪ್ಪನೂ ಜಗಳವಾಡಿದ ರಾತ್ರಿ ಅವರಿಬ್ಬರ ಹೆಸರನ್ನು ಎಷ್ಟು ಸಲ ಹೇಳಿದಿರಿ. ನನ್ನ ಹೆಸರು ಒಮ್ಮೆಯೂ ಬರಲಿಲ್ಲ, "ಹುಡುಗಿ" ಎಂದು ಬಂತು. ಗೋಡೆಯಾಚೆ ಮಲಗಿ ಎಣಿಸಿದ್ದೇನೆ.

ಆದ್ದರಿಂದ ಆ ಸುಟ್ಟ ಕಾರ್ಡಿನಲ್ಲಿ ಏನಿತ್ತು ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಬಂದು ಕರೆದುಕೊಂಡು ಹೋಗಿ ಎಂದು ಬರೆದಿದ್ದೆಯಾ? ನನ್ನ ತಮ್ಮನ ಮಗನಿಗೇ ಕೊಡುವುದು ಎಂದು ಗಟ್ಟಿ ಮಾಡಿದ್ದೆಯಾ? ಇಲ್ಲ, ದುರ್ಗಾನ್ನ ಒಂದು ಮಾತು ಕೇಳಿ ಎಂದು ಕೊನೆಯಲ್ಲಾದರೂ ಒಂದು ಸಾಲು ಇತ್ತಾ?

ಸಂಜೆ ಅಪ್ಪ ಬಂದ ಮೇಲೆ ಈ ತುಣುಕು ತೋರಿಸುತ್ತೇನೆ. ಅವ್ವ ಕಾರ್ಡು ಹಾಕಿದ್ದಳು, ಅಳಿಲು ಹಾಳು ಮಾಡಿತು ಎಂದಷ್ಟೇ ಹೇಳುತ್ತೇನೆ. ಅಳಿಲಿಗೆ ಬಾಯಿಲ್ಲ, ಅತ್ತೆಗೆ ಬೇರೆ ಮನೆಯಿಲ್ಲ. ನೀನೂ ಬಂದ ಮೇಲೆ ಇದನ್ನು ಎತ್ತಬೇಡ ಅವ್ವಾ, ಇದೊಂದು ನಡೆಸಿಕೊಡು.

ಮಾವನಿಗೂ ಅಲ್ಲಿಯ ಅತ್ತೆಗೂ ನಮಸ್ಕಾರ ಹೇಳು. ಬಿಸಿಲಲ್ಲಿ ತಿರುಗಬೇಡ, ಮಜ್ಜಿಗೆ ಕುಡಿ. ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿ.

ನಿನ್ನ ಮಗಳು,
ದುರ್ಗಾ

ಬರೆದು ಮಡಚಿದ ಮೇಲೆ: ಅಪ್ಪ ಬಂದ. ತುಣುಕನ್ನು ದೀಪದ ಹತ್ತಿರ ಹಿಡಿದು ನೋಡಿದ, ಅಂಗಿಯ ಜೇಬಿನಲ್ಲಿಟ್ಟುಕೊಂಡ. ಆಮೇಲೆ ಹಡಗಲಿಗೆ ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ನನ್ನನ್ನು ಕೇಳಿದ. ಇಪ್ಪತ್ತು ವರ್ಷದಿಂದ ಬಸ್ ಸ್ಟ್ಯಾಂಡಿನಲ್ಲಿ ಕೂತವನು. ಅಂಗಡಿಗೆ ಯಾರನ್ನಾದರೂ ಕೂರಿಸುವ ಏರ್ಪಾಡು ಮಾಡಿ ಭಾನುವಾರ ಹೊರಡುತ್ತಾನೆ. ನಾನೂ ಬರುತ್ತೇನೆ ಎಂದೆ. ಯಾಕೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ನಿನಗೆ ಹೇಳುತ್ತೇನೆ. ನೀವೆಲ್ಲ ಕೂತಿರುವಾಗ ಬಾಗಿಲ ಹಿಂದೆ ನಿಲ್ಲದೆ ಚಾಪೆಯ ಮೇಲೆ ಬಂದು ಕೂರುತ್ತೇನೆ. ಪಾಲಾಕ್ಷನೂ ಬೇಡ, ರಾಮಾಂಜನೇಯನೂ ಬೇಡ, ಸದ್ಯಕ್ಕೆ ಯಾರೂ ಬೇಡ ಎಂದು ನಾನೇ ಹೇಳುತ್ತೇನೆ. ಧ್ವನಿ ನಡುಗಿದರೆ ನಡುಗಲಿ. ಕಾರ್ಡಿನಲ್ಲಿ ಏನು ಬರೆದಿದ್ದೆ ಎಂದು ಅಲ್ಲಿಯವರೆಗೆ ನನಗೆ ಹೇಳಬೇಡ.