ಬಿದ್ರಿ ಕಲಿಯುವವನಿಗೆ ಕೆಂಪು ಹಸಿರಿನ ಚೀಟಿ

ಬೀದರಿನಲ್ಲಿ ಹೊಸದಾಗಿ ತೆರೆದಿರುವ ಕರಕುಶಲ ಶಾಲೆಯ ಮೇಲಧಿಕಾರಿಗಳಾದ ಮಾನ್ಯರೇ,

ಬಿದ್ರಿ ಕೆಲಸ ಕಲಿಯುತ್ತೇನೆಂದು ಬಂದ ನನ್ನನ್ನು ನೀವು ರೈಲ್ವೆಯ ವೈದ್ಯರು ಕೊಟ್ಟ ಚೀಟಿ ನೋಡಿ ಹಿಂದಕ್ಕೆ ಕಳುಹಿಸಿದಿರಿ. ಆಮೇಲೆ ಎರಡು ಅರ್ಜಿ ಬರೆದೆ, ಉತ್ತರವಿಲ್ಲ. ನಾಲ್ಕು ಜನ ಓದಲಿ ಎಂದು ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಔರಾದ ತಾಲ್ಲೂಕಿನ ಚಿಂತಾಕಿಯವನು. ನಮ್ಮದು ಕುರಿ ಸಾಕುವ ಮನೆತನ. ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ನಾಲ್ಕಕ್ಷರ ಕಲಿತೆ. ಅಲ್ಲಿಗೆ ರೈಲು ಬಂದಾಗಿನಿಂದ ನನಗೆ ಒಂದೇ ಹುಚ್ಚು: ಸ್ಟೇಷನ್ನಿನಲ್ಲಿ ಬಾವುಟ ಹಿಡಿದು ನಿಲ್ಲಬೇಕು. ರೈಲ್ವೆಯ ವೈದ್ಯರು ಮೇಜಿನ ಮೇಲೆ ಬಣ್ಣಬಣ್ಣದ ಉಣ್ಣೆಯ ಎಳೆಗಳನ್ನು ಹರಡಿ, ಕೆಂಪನ್ನು ಆರಿಸು ಎಂದರು. ಕುರಿಯವರ ಮನೆಯ ಮಗ, ಉಣ್ಣೆಯಲ್ಲೇ ಸೋತೆ! ನಾನು ಆರಿಸಿದ್ದರಲ್ಲಿ ಅರ್ಧ ಹಸಿರಿದ್ದವಂತೆ. ಕಣ್ಣು ನಾಲಾಯಕ ಎಂದು ಚೀಟಿ ಬರೆದುಕೊಟ್ಟರು. ಸುದ್ದಿ ಕೇಳಿ ಅವ್ವ ಗಂಗುಬಾಯಿ ಹಣೆ ಬಡಿದುಕೊಂಡಳು. "ಸಣ್ಣವ ಇದ್ದಾಗ ಹಣ್ಣಮೆಣಸಿನಕಾಯಿ ಹರಕೊಂಡು ಬಾ ಅಂದ್ರ ಹಸೀವೇ ತರ್ತಿದ್ದಿ. ಹುಡುಗಾಟ ಮಾಡ್ತಾನ ಅಂತ ಹೊಡದಿನಲ್ಲೋ ಎಪ್ಪಾ," ಎಂದು ಅತ್ತಳು. ರೈಲ್ವೆಯವರ ಮೇಲೆ ನನಗೆ ಸಿಟ್ಟಿಲ್ಲ. ಕೆಂಪು ದೀಪವನ್ನು ಹಸಿರೆಂದು ತಿಳಿಯುವವನ ಕೈಗೆ ಜನರ ಜೀವ ಕೊಡಬಾರದು. ಆದರೂ ಆರು ತಿಂಗಳು ರೈಲಿನ ಸಿಳ್ಳು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಆಮೇಲೆ ಬೀದರಿಗೆ ಬಂದು ಕಪ್ಪು ಪಾತ್ರೆಯಲ್ಲಿ ಬೆಳ್ಳಿ ತಂತಿ ಕೂರಿಸುವ ಬಿದ್ರಿಯ ಉಸ್ತಾದರಾದ ಉಸ್ಮಾನ ಮಿಯಾರನ್ನು ಕಂಡೆ. ನನ್ನ ಕಣ್ಣಿನ ಸಂಗತಿಯನ್ನು ಮೊದಲೇ ಹೇಳಿದೆ. ಅವರು ನಕ್ಕುಬಿಟ್ಟರು. "ಇಲ್ಲಿ ಕೆಂಪು ಯಾಕ ಬೇಕು ಬೇಟಾ? ಕರಿದು ಬಿಳಿದು ಕಂಡ್ರ ಸಾಕು. ಉಳಿದದ್ದೆಲ್ಲಾ ಕೈಯಾಗ ಅದ, ನಾಲಗಿಯಾಗ ಅದ," ಎಂದರು. ಪಾತ್ರೆಗೆ ಕಪ್ಪು ಹಿಡಿಸುವ ಕೋಟೆಯ ಮಣ್ಣನ್ನು ಅವರು ನಾಲಗೆಯ ಮೇಲಿಟ್ಟು, ರುಚಿ ನೋಡಿಯೇ ಆರಿಸುತ್ತಾರೆ. ಐದು ತಿಂಗಳು ಅವರ ಮನೆಯಲ್ಲಿ ಕುಳಿತು ಉಳಿ ಹಿಡಿದೆ. ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ. ಈಗ ಅವರು ನಿಮ್ಮ ಶಾಲೆಯ ಉಸ್ತಾದರಾಗಿದ್ದಾರೆ, ಮನೆಯ ಕೆಲಸ ನಿಲ್ಲಿಸಿದ್ದಾರೆ. ಅವರ ಮುಂದೆ ಕೂರಬೇಕಾದರೆ ನಾನು ನಿಮ್ಮ ಶಾಲೆಗೇ ಸೇರಬೇಕು.

ಹಿಂದೆ ಯಾವ ನೌಕರಿಗೆ ಪ್ರಯತ್ನಿಸಿದ್ದೆ ಎಂದು ನಿಮ್ಮ ಅರ್ಜಿಯಲ್ಲಿ ಕೇಳಿದ್ದಿರಿ. ಸುಳ್ಳು ಬರೆಯಲು ಬರದೆ ಆ ಚೀಟಿಯನ್ನೇ ಲಗತ್ತಿಸಿದೆ. ತಾವು ಡಬ್ಬಿಯಿಂದ ಅಡಕೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತ ಹೇಳಿದಿರಿ: "ಕಣ್ಣು ನಾಲಾಯಕ ಅಂತ ಬರದದ. ನಾಲಾಯಕ ಅಂದ್ರ ನಾಲಾಯಕ. ಹೋಗು, ಕುರಿ ಕಾಯಿ."

ಕುರಿ ಕಾಯುವುದು ಹೀನವಲ್ಲ ಮಾನ್ಯರೇ, ನಮ್ಮ ಹಿಂಡು ನನ್ನ ಇಬ್ಬರು ಅಣ್ಣಂದಿರಿಗೇ ಸಾಲದು. ಒಂದು ಮಾತು ಕೇಳುತ್ತೇನೆ. ಬಿದ್ರಿಯ ಹೂಜಿಯಲ್ಲಿ ಕೆಂಪು ಎಲ್ಲಿದೆ? ಹುಕ್ಕಾದ ಬುಡದಲ್ಲಿ ಹಸಿರು ಯಾವ ಮೂಲೆಯಲ್ಲಿದೆ? ತಮಗೆ ಕಂಡಿದ್ದರೆ ಪರೀಕ್ಷೆ ಆಗಬೇಕಾದದ್ದು ಯಾರ ಕಣ್ಣಿಗೆ? ಒಂದು ಕೆಲಸಕ್ಕೆ ಒಗ್ಗದವನು ಲೋಕದ ಎಲ್ಲ ಕೆಲಸಕ್ಕೂ ಒಗ್ಗದವನೆಂದು ಯಾವ ಕಾನೂನು ಹೇಳುತ್ತದೆ? ಮೊದಲ ಆಸೆ ಮುರಿದಾಗ ಅತ್ತೆ. ಎರಡನೆಯದೂ ಕೈತಪ್ಪುತ್ತಿರುವಾಗ ಅಳು ಬರುತ್ತಿಲ್ಲ, ಹೆದರಿಕೆಯಾಗುತ್ತಿದೆ. ನನ್ನ ಕೈಯನ್ನೂ ನಂಬಲಾಗದ ಸ್ಥಿತಿಗೆ ಬಂದಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ಒಂದು ಉಳಿ, ಒಂದು ಗೇಣು ಬೆಳ್ಳಿ ತಂತಿ ಕೊಟ್ಟು ಒಂದು ದಿನ ನನ್ನನ್ನು ಪರೀಕ್ಷಿಸಿರಿ. ಪುರುಸೊತ್ತಿಲ್ಲವಾದರೆ ತಮ್ಮ ಮೇಜಿನ ಮೇಲಿನ ಆ ಅಡಕೆಯ ಡಬ್ಬಿಯನ್ನಾದರೂ ನೋಡಿರಿ. ಅದು ಉಸ್ಮಾನ ಮಿಯಾರ ಮನೆಯಿಂದ ಬಂದದ್ದು. ಮುಚ್ಚಳದ ಮೇಲೆ ಬಳ್ಳಿಯಿದೆ, ಹದಿನೆಂಟು ಎಲೆಗಳಿವೆ. ಎಡಗಡೆಯ ಮೂರನೆಯ ಎಲೆಯ ತುದಿ ತುಸು ಮೊಂಡಾಗಿದೆ. ಅಲ್ಲಿ ನನ್ನ ಉಳಿ ಜಾರಿತ್ತು. ಆ ಒಂದು ಎಲೆಯನ್ನು ಸರಿಯಾಗಿ ಕೆತ್ತುವುದನ್ನು ಕಲಿಯಲೆಂದೇ ನಾನು ತಮ್ಮ ಬಾಗಿಲಿಗೆ ಬಂದಿದ್ದೆ.

ಇಂತಿ,
ಬಾವುಟ ಕೈಗೆ ಸಿಗದ, ಉಳಿ ಕೈಬಿಡಲೊಲ್ಲದ,
ಚಿಂತಾಕಿಯ ಧೊಂಡಿಬಾ