ಕತ್ತಲಲ್ಲಿಟ್ಟರೂ ಮರಳದ ನೀಲಿ

ಅಕ್ಕಾ,

ನಾಲ್ಕು ಕುಶಲದ ಮಾತು ಬರೆದು, ಚಿತ್ರಗಳ ರಟ್ಟು ಬದಲಾಯಿಸು ಎಂದಷ್ಟೇ ಹೇಳಿ ಮುಗಿಸುವವಳಿದ್ದೆ. ಕಾರಣವನ್ನು ನುಂಗಿಬಿಡುವುದು ಸುಲಭವಿತ್ತು. ಅಮ್ಮನ ಚಿತ್ರ ಹಾಳಾದದ್ದು ನಿನ್ನಿಂದಲ್ಲ, ನನ್ನಿಂದ.

ತನ್ನ ಕಚೇರಿಯಲ್ಲಿ ಮಿಕ್ಕ, ಬಿಸಿಲು ತಾಕಿದರೆ ನೀಲಿಯಾಗುವ ನಕ್ಷೆ ಕಾಗದದ ಮೇಲೆ ಎಲೆ ಹರಡಿ, ಬಿಸಿಲಿಗಿಟ್ಟು, ನೀರಲ್ಲಿ ಜಾಲಿಸಿ ಅಮ್ಮ ತೆಗೆದ ನಾಲ್ಕು ನೀಲಿ ಅಚ್ಚುಗಳು. ಅಮ್ಮ ಹೋದ ಮೇಲೆ ಅವಕ್ಕೆ ಚೌಕಟ್ಟು ಹಾಕುವಾಗ ಬೀದಿ ಕೊನೆಯ ಅಂಗಡಿಯ ಮಾಮೂಲಿ ರಟ್ಟೇ ಸಾಕು ಅಂದೆ ನೀನು. ಅದರ ಆಮ್ಲಕ್ಕೆ ಕಾಗದ ಕಂದಾಗುತ್ತದೆ ಎಂದು ನಾನು ಪಾಠ ಮಾಡಿದೆ. ಸಂಗ್ರಹಾಲಯದಲ್ಲಿ ನಾವು ಬಳಸುವ, ಆಮ್ಲ ತಡೆಯಲೆಂದು ಸುಣ್ಣದಂಶ ಬೆರೆಸಿದ ಹತ್ತಿಯ ರಟ್ಟನ್ನು ತಂದು, ಕೈಗವಸು ಹಾಕಿಕೊಂಡು, ಒಂದೊಂದನ್ನೂ ಕೂರಿಸಿದೆ. ನೀನು ಬಾಗಿಲಿಗೊರಗಿ ನಿಂತು ಅಂದೆ:

"ಚಿತ್ರ ಮುಟ್ಟೋಕೆ ಇಷ್ಟು ನಾಜೂಕು. ಅಮ್ಮನ್ನ ಒಂದಿನ ಮಗ್ಗುಲು ತಿರುಗಿಸೋಕೆ ಮಾತ್ರ ನಿಂಗೆ ಬಿಡುವಿರ್ಲಿಲ್ಲ."

ಅದನ್ನು ನಾನು ಮರೆಯಲಿಲ್ಲ. ಮೂರು ವರ್ಷದ ಮೇಲೆ ಜರೀಗಿಡದ ಅಚ್ಚು ಮಾಸಿದ್ದು ಕಂಡಾಗ ನಿನ್ನ ಮಕ್ಕಳೆದುರೇ ತೀರಿಸಿಕೊಂಡೆ. "ಕಿಟಕಿ ಎದುರು ಹಾಕ್ಬೇಡ ಅಂತ ಎಷ್ಟು ಸಲ ಬಡ್ಕೊಂಡೆ? ಇದ್ದಾಗ ನೋಡ್ಕೊಂಡೆ ಅಂತ ಮೆರೀತೀಯ. ಬಿಟ್ಟುಹೋಗಿದ್ದನ್ನ ಹಾಳ್ಮಾಡ್ದೆ." ನೀನು ಚಿತ್ರ ಕಳಚಿ ನನ್ನ ಕೈಗಿಟ್ಟೆ. ಅಂದಿನಿಂದ ನನ್ನ ಫೋನು ಎತ್ತಿಲ್ಲ.

ಬಿಸಿಲಿಗೆ ಮಾಸಿದ ಈ ನೀಲಿ ಕತ್ತಲಲ್ಲಿಟ್ಟರೆ ಬಹುಪಾಲು ಮರಳುತ್ತದೆ. ಕಪಾಟಿನಲ್ಲಿ ಏಳು ತಿಂಗಳಿಟ್ಟೆ. ಮರಳಲಿಲ್ಲ. ಅದನ್ನು ತಿಂದದ್ದು ನನ್ನ ರಟ್ಟಿನ ಸುಣ್ಣ. ಈ ನೀಲಿಗೆ ಸುಣ್ಣ ಆಗದು ಎಂಬುದು ನನ್ನ ಓದಿನ ಮೊದಲ ವರ್ಷದ ಪಾಠ. ಆ ದಿನ ನೆನಪಾಗಲಿಲ್ಲವೇ, ಇಲ್ಲಾ ದುಬಾರಿಯದನ್ನೇ ತಂದೆನೆಂದು ನಿನಗೆ ತೋರಿಸುವ ಆತುರದಲ್ಲಿ ನೆನಪಿಸಿಕೊಳ್ಳಲಿಲ್ಲವೇ? ಕೇಳಿಕೊಂಡಷ್ಟೂ ಎರಡನೆಯದೇ ನಿಜವೆನಿಸುತ್ತದೆ.

ಉಳಿದ ಮೂರು ಇನ್ನೂ ಅದೇ ರಟ್ಟಿನಲ್ಲಿ ನಿನ್ನ ಗೋಡೆಯ ಮೇಲಿವೆ. ಸುಣ್ಣ ಬೆರೆಸದ ರಟ್ಟನ್ನು ಅಳತೆಗೆ ಕತ್ತರಿಸಿ ಈ ಪೊಟ್ಟಣದಲ್ಲಿಟ್ಟಿದ್ದೇನೆ. ಚೌಕಟ್ಟಿನ ಹಿಂಬದಿಯ ಮೊಳೆ ಕಿತ್ತು, ಹಿಂದೆ ಮುಂದೆ ಎರಡೂ ಕಡೆಯದನ್ನು ಬದಲಾಯಿಸು. ಕೈಗವಸು ಬೇಡ, ಕೈ ತೊಳೆದು ಒರೆಸಿಕೊಂಡರೆ ಸಾಕು. ನನ್ನ ಹೆಸರು ಕಂಡರೆ ಬಿಚ್ಚದೆ ವಾಪಸು ಕಳಿಸುತ್ತೀಯ, ಅದಕ್ಕೇ ಮೇಲೆ ನಿನ್ನ ಮಗಳ ಹೆಸರಿಗೆ ವಿಳಾಸ ಬರೆದು, ಕಳಿಸಿದವರ ಜಾಗ ಖಾಲಿ ಬಿಟ್ಟಿದ್ದೇನೆ.

ಕ್ಷಮಿಸು ಎಂದು ಕೇಳಿದರೆ ನೀನು ಕ್ಷಮಿಸಿಯೂಬಿಡಬಹುದು, ನಾನು ಕೇಳುವುದಿಲ್ಲ. ಬಾಗಿಲಿಗೊರಗಿ ನೀನಂದದ್ದು ಸುಳ್ಳಾಗಿರಲಿಲ್ಲ. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿಯದಿರುವುದೂ ಅದಕ್ಕೇ.

ಅಮ್ಮನನ್ನು ಎತ್ತಿ ಕೂರಿಸಿ ಬಂದ ನಿನ್ನ ಬೆನ್ನುನೋವು ಕಡಿಮೆಯಾಗಲಿ.

ನಿನ್ನ ತಂಗಿ

ಅಂಚೆಗೆ ಹಾಕುವುದು: ನಾಳೆ, ಜೂನ್ ಹನ್ನೊಂದು, ಅಂಚೆ ಕಚೇರಿಯ ಬಾಗಿಲು ತೆರೆದ ಕೂಡಲೇ.