ಕಾವಲುಗಾರರ ಕೈಯಲ್ಲಿ ಮಿಡಿದ ಹೃದಯಗಳು

ಕಲ್ಲು ಪಾಲಿಶ್ ಕಾರ್ಖಾನೆಯ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡ ಸತ್ತರೆಂದು ಗೇಟಿನ ಕಾವಲುಗಾರ ತಾತನನ್ನು ಕೆಲಸದಿಂದ ತೆಗೆದಿದ್ದೀರಿ. ಇದು ಅನ್ಯಾಯ. ಹೇಳಲು ಬಂದಾಗೆಲ್ಲ ನನ್ನನ್ನು ಬಾಗಿಲಾಚೆ ಕೂರಿಸಿದಿರಿ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಹೃದಯದ ಲಯ ತಪ್ಪಿದರೆ ಕೂಗಿ ಎಚ್ಚರಿಸುವ ಕೈಪಟ್ಟಿಯನ್ನು ಕಾರ್ಮಿಕರಿಗೆ ಕಟ್ಟಿದವರು ನೀವೇ. ಒಳ್ಳೆಯ ಕೆಲಸವೇ. ಆದರೆ ಕಲ್ಲು ಉಜ್ಜುವ ಯಂತ್ರ ಹಿಡಿದವನ ಕೈ ಭುಜದವರೆಗೂ ನಡುಗುತ್ತದೆಂಬುದು ತಮ್ಮಂಥ ತಜ್ಞರಿಗೆ ಹೊಳೆಯಲಿಲ್ಲವೇ? ಯಂತ್ರ ಶುರುವಾದೊಡನೆ ಆ ನಡುಕಕ್ಕೇ ಕೈಪಟ್ಟಿ ಕೂಗುತ್ತಿತ್ತು. ಕೈಪಟ್ಟಿ ಕೂಗಿದವನನ್ನು ವೈದ್ಯರ ಚೀಟಿ ತರುವವರೆಗೆ ಒಳಗೆ ಬಿಡುತ್ತಿರಲಿಲ್ಲ. ದೂರು ಕೊಟ್ಟರೆ, "ಅದು ಸುಳ್ಳು ಹೇಳಲ್ಲ, ನೀವು ಹೇಳ್ತೀರಿ" ಎಂದಿರಿ.

ಹೊಟ್ಟೆಪಾಡಿನವರು ಏನು ಮಾಡಬೇಕು? ಕೆಲಸಕ್ಕಿಳಿಯುವ ಮುನ್ನ ಕೈಪಟ್ಟಿ ಬಿಚ್ಚಿ, ಗೇಟಿನಲ್ಲಿ ತಣ್ಣಗೆ ಕೂತಿರುವ ಕಾವಲುಗಾರರ ಕೈಗೆ ಕಟ್ಟುವುದು ರೂಢಿಯಾಯಿತು. "ತಾತ, ನನ್ನ ಎದೆ ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತಿದ್ದರಂತೆ. ಮೊಣಕೈವರೆಗೆ ಕಟ್ಟಿಸಿಕೊಂಡು ತಾತ, "ಹೋಗ್ರೋ, ಎಲ್ರ ಬಡಿತಾನೂ ನಂದೇ ಆಯ್ತು" ಎಂದು ನಗುತ್ತಿದ್ದರಂತೆ. ಕಾರ್ಮಿಕರ ಆರೋಗ್ಯ ಸುಧಾರಿಸಿತೆಂದು ಸಭೆಯಲ್ಲಿ ನೀವು ಬೆನ್ನು ತಟ್ಟಿಕೊಂಡಿರಿ. ಇಷ್ಟು ಜನರ ಎದೆ ಒಂದೇ ಸಮ ಹೇಗೆ ಬಡಿಯುತ್ತದೆಂಬ ಅನುಮಾನ ನಿಮ್ಮ ಕಚೇರಿಯಲ್ಲಿ ಯಾರಿಗೂ ಬರಲಿಲ್ಲ.

ಒಂದು ಸಂಜೆ ಇವರು ಮನೆಯಲ್ಲಿ ಗೋಡೆಗೊರಗಿ ಸುಮ್ಮನೆ ಕೂತಿದ್ದಾಗ, ಗೇಟಿನಿಂದ ಮರಳಿ ಕಟ್ಟಿಕೊಂಡು ಬಂದಿದ್ದ ಕೈಪಟ್ಟಿ ಕೂಗಿತು. ಯಂತ್ರವಿಲ್ಲ, ನಡುಕವಿಲ್ಲ.

"ಏನ್ರೀ ಇದು?" ಎಂದೆ.

"ನಿನ್ನ ನೋಡಿ ಹೆದರ್ಕೊಂಡಿದೆ ಕಣೇ" ಎಂದು ನಗುತ್ತ ಬಿಚ್ಚಿಟ್ಟರು.

ನಾನೂ ನಕ್ಕೆ. ದಿನವೂ ಸುಳ್ಳೇ ಕೂಗಿದ್ದನ್ನು ಆ ಒಂದು ಸಲ ಹೇಗೆ ನಂಬುವುದು, ಮಾನ್ಯರೇ? ಮರುದಿನ ಯಂತ್ರದ ಪಕ್ಕದಲ್ಲೇ ಕುಸಿದರು.

ಅವರ ಕೈಪಟ್ಟಿ ಆಗ ಗೇಟಿನಲ್ಲಿತ್ತು. ಇವರ ಉಸಿರು ನಿಂತ ಮೇಲೂ ಹೃದಯ ಚೆನ್ನಾಗಿ ಬಡಿಯುತ್ತಿದೆಯೆಂದು ನಿಮಗೆ ವರದಿ ಕಳಿಸುತ್ತಲೇ ಇತ್ತು. ಅದನ್ನೇ ಹಿಡಿದುಕೊಂಡು, ಸಾವಿಗೂ ಕೆಲಸಕ್ಕೂ ಸಂಬಂಧವಿಲ್ಲ ಎಂದಿರಿ. ನಿಜ ಹೊರಬಿದ್ದಾಗ ದಾಖಲೆ ತಿದ್ದಲಿಲ್ಲ, ತಾತನನ್ನು ಹೊರಹಾಕಿದಿರಿ. ಅವರು ನಮ್ಮ ಬಾಗಿಲಲ್ಲಿ ನಿಂತು, "ಅವನ ಬಡಿತ ನನ್ನ ಕೈಲೇ ಇತ್ತಮ್ಮ, ನಂಗೊತ್ತಾಗ್ಲಿಲ್ಲ" ಎಂದು ಮಗುವಿನ ಹಾಗೆ ಅತ್ತರು. ನಿಮ್ಮ ಕಚೇರಿಯಿಂದ ಅಳಲು ಯಾರೂ ಬರಲಿಲ್ಲ.

ತಾತನನ್ನು ಮರಳಿ ಕೆಲಸಕ್ಕೆ ಕರೆಯಿರಿ. ಆಮೇಲೆ ನೀವೇ ಕೈಪಟ್ಟಿ ಕಟ್ಟಿಕೊಂಡು ಆ ಯಂತ್ರ ಹಿಡಿದು ನಿಲ್ಲಿ. ಅದು ಕೂಗಿದರೆ, ನಮ್ಮವರು ಸುಳ್ಳುಗಾರರಲ್ಲವೆಂದು ಬರೆದು ಗೇಟಿಗೆ ಅಂಟಿಸಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಇನ್ನೂ ಆರೋಗ್ಯವಾಗಿರುವವರ ವಿಧವೆ